ಹೊತ್ತು ಮುಳುಗುವ ಮೊದಲು, ಮುಳುಗಿದ ಮೇಲೆ

ಟೀಚರಿಗೆ ಒಂದು ಅಭ್ಯಾಸವಿತ್ತು. ತಮ್ಮ ಬಗ್ಗೆ ಯಾರಾದರೂ ಎದುರಿಗೇ ಒಳ್ಳೆಯ ಮಾತಾಡಿದರೆ ಅದನ್ನು ಅಲ್ಲೇ ತಿದ್ದುತ್ತಿದ್ದರು. ಅವರು ನಿವೃತ್ತರಾದ ದಿನ ಹಾಸ್ಟೆಲಿನ ಹಳೆಯ ಹುಡುಗಿಯರೆಲ್ಲ ಸೇರಿದ್ದೆವು. ಒಬ್ಬಳು ಮೈಕಿನ ಮುಂದೆ ನಿಂತು, “ಟೀಚರ್ ನಮಗೆಲ್ಲ ತಾಯಿಯ ಹಾಗೆ ಇದ್ದರು” ಎಂದಳು. ಟೀಚರ್ ಕುಳಿತಲ್ಲಿಂದಲೇ, ಹಿಂದಿನ ಸಾಲಿಗೂ ಕೇಳುವ ಹಾಗೆ, “ತಾಯಿ ನಿನ್ನ ಮನೆಯಲ್ಲಿ ಇದ್ದಾರೆ. ನಾನು ವಾರ್ಡನ್ ಆಗಿದ್ದೆ. ಮುಂದೆ ಹೇಳು” ಎಂದರು. ಆ ಹುಡುಗಿ ಮೈಕು ಬಿಟ್ಟು ಕೆಳಗೆ ಇಳಿದಳು.

ಹೋದ ತಿಂಗಳು ಅವರು ತೀರಿಕೊಂಡರು. ನನಗೆ ಸುದ್ದಿ ತಲಪುವಾಗ ಎಲ್ಲ ಮುಗಿದು ಎರಡು ದಿನ ಕಳೆದಿತ್ತು. ಅವರ ಬಗ್ಗೆ ನಾಲ್ಕು ಪುಟ ಬರೆಯಬೇಕು ಅನ್ನಿಸಿತು. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿಂದಾದರೂ ತಿದ್ದಿಯಾರು ಎಂಬ ಭಯ ನನಗೆ ಈಗಲೂ ಉಂಟು.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಪಿಯುಸಿ ಓದಲಿಕ್ಕೆ ಮೂಡಬಿದ್ರೆಗೆ ಬಂದೆ. ನಮ್ಮ ಮನೆ ಕಕ್ಕಿಂಜೆಯಲ್ಲಿ. ಅಲ್ಲಿಂದ ದಿನಾ ಹೋಗಿ ಬರುವುದು ಆಗದ ಮಾತು. ಮೂಡಬಿದ್ರೆಯ ಒಂದು ಸಣ್ಣ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಮೂವತ್ತು ಹುಡುಗಿಯರು, ಒಂದು ಅಡುಗೆಮನೆ, ಒಂದು ಬಾವಿ. ಟೀಚರ್ ಪಕ್ಕದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಉಳಿದ ಹೊತ್ತು ನಮ್ಮ ವಾರ್ಡನ್. ಜೈನರು. ಬೇಗ ಗಂಡನನ್ನು ಕಳೆದುಕೊಂಡವರು ಎಂದು ಯಾರೋ ಹೇಳಿದ್ದರು. ಅವರು ಆ ಸುದ್ದಿ ಎತ್ತಲಿಲ್ಲ, ನಾನು ಕೇಳಲಿಲ್ಲ.

ಸಣ್ಣ ಆಳು. ಬಿಳಿ ಸೀರೆಯೇ ಆಗಬೇಕೆಂದಿರಲಿಲ್ಲ, ಆದರೆ ಗಾಢ ಬಣ್ಣ ಉಟ್ಟದ್ದು ನೋಡಿಲ್ಲ. ಸೀಮೆಸುಣ್ಣದ ತುಂಡಿಗೆ ಕಾಗದ ಸುತ್ತಿ ಹಿಡಿಯುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ನೆಲದಡಿ ಬೆಳೆಯುವ ಯಾವುದನ್ನೂ ತಿನ್ನುತ್ತಿರಲಿಲ್ಲ. ಮೇಜಿನ ಮೇಲೆ ಇರುವೆ ಕಂಡರೆ ಪೋಸ್ಟ್ ಕಾರ್ಡಿನ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟು ಬರುತ್ತಿದ್ದರು. ಹುಡುಗಿಯರ ಮೇಲೆ ಅಷ್ಟು ಕರುಣೆ ಇರಲಿಲ್ಲ. ಫ್ಯಾನ್ ಹಾಕಿಟ್ಟು ಕೋಣೆಯಿಂದ ಹೊರಗೆ ಬಂದವಳಿಗೆ ಒಂದು ವಾರ ಅಂಗಳ ಗುಡಿಸುವ ಕೆಲಸ. ನೂರಕ್ಕೆ ತೊಂಬತ್ತಾರು ಬಂದವಳಿಗೆ, “ಆ ನಾಲ್ಕು ಎಲ್ಲಿ ಹೋಯಿತು?”

ನನ್ನ ಕೋಣೆಯಲ್ಲಿ ಲವೀನಾ ಇದ್ದಳು. ಗುರುವಾಯನಕೆರೆಯ ಹತ್ತಿರದ ಕ್ರಿಶ್ಚಿಯನ್ ಹುಡುಗಿ. ನಾನು ಎಷ್ಟು ಕಡಿಮೆ ಮಾತಾಡುತ್ತಿದ್ದೆನೋ ಅವಳು ಅಷ್ಟು ಹೆಚ್ಚು. ಹಾಸ್ಟೆಲಿನಲ್ಲಿ ಸಸ್ಯಾಹಾರ ಮಾತ್ರ ಎಂಬ ನಿಯಮಕ್ಕೆ ಅವಳು ಒಂದು ದಿನವೂ ಒಗ್ಗಲಿಲ್ಲ. ಮನೆಯಿಂದ ಒಣಮೀನಿನ ಚಟ್ನಿಯ ಡಬ್ಬಿ ತಂದು ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದಳು. ಬಟ್ಟೆಗಳಿಗೆಲ್ಲ ಅದೇ ವಾಸನೆ. ಒಂದು ದಿನ ಕೋಣೆ ನೋಡಲಿಕ್ಕೆ ಬಂದ ಟೀಚರ್ ಟ್ರಂಕಿನ ಮುಂದೆ ನಿಂತರು. ಲವೀನಾ ಕೊಂಕಣಿಯಲ್ಲಿ ಯಾವುದೋ ಸಂತರನ್ನು ಕರೆದಳು. ಟೀಚರ್ ಮೂಗು ಮುಚ್ಚಿಕೊಂಡು ಹೇಳಿದ್ದು ಇಷ್ಟೆ: “ಆ ಡಬ್ಬಿಯ ಮುಚ್ಚಳ ಸರಿ ಬಿಗಿ ಮಾಡು. ಇರುವೆ ಬಂದು ಎಣ್ಣೆಗೆ ಬಿದ್ದು ಸಾಯುತ್ತವೆ.”

ಅವರು ಹೋದ ಮೇಲೆ ಲವೀನಾ ಮಂಚದ ಮೇಲೆ ಕುಸಿದು, “ಇರುವೆಯಿಂದ ನಾನು ಬದುಕಿದೆ ಮಾರಾಯ್ತಿ” ಎಂದಳು.

ಟೀಚರ್ ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಅವರ ಲೆಕ್ಕ ಇನ್ನೂ ಬಿಗಿ: ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆಯಷ್ಟು ಮೊದಲೇ ಕೈ ತೊಳೆದಿರಬೇಕು. ನಾವು ಎಂಟು ಗಂಟೆಗೆ ಉಣ್ಣುವವರು. ಅವರಿಗೆ ಅಡುಗೆಯ ಗಿರಿಜಕ್ಕ ಸಂಜೆ ಐದರ ಒಳಗೆ ಬೇರೆಯೇ ಮಾಡಿಕೊಡುತ್ತಿದ್ದರು. ಅಡುಗೆಮನೆಯ ಮೂಲೆಯ ಮಣೆಯಲ್ಲಿ ಒಬ್ಬರೇ ಕುಳಿತು ಉಂಡು, ತಟ್ಟೆ ತಾವೇ ತೊಳೆದಿಟ್ಟು, ತಮ್ಮ ಕೋಣೆಗೆ ಹೋಗಿ ಜಪಕ್ಕೆ ಕುಳಿತುಕೊಳ್ಳುತ್ತಿದ್ದರು. ಆಮೇಲೆ ಮರುದಿನ ಬೆಳಗಿನವರೆಗೆ ನೀರೂ ಇಲ್ಲ.

ಇಷ್ಟನ್ನು ಹೇಳಿದ ಮೇಲೆ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ನನ್ನ ತಂದೆ ಸೌದಿಯಲ್ಲಿದ್ದರು. ಊರಿನಲ್ಲಿ ನಮ್ಮ ಮನೆಯ ನಿರ್ಧಾರಗಳೆಲ್ಲ ಉಮ್ಮನ, ಅಂದರೆ ತಾಯಿಯ, ಅಣ್ಣನದ್ದು. ಮಾಮನಿಗೆ ಬಿ.ಸಿ.ರೋಡಿನಲ್ಲಿ ಚಪ್ಪಲಿಯ ಅಂಗಡಿ. ನಾನು ಹಾಸ್ಟೆಲಿಗೆ ಹೋಗುವುದು ಅವರಿಗೆ ಬೇಡವಾಗಿತ್ತು. ಉಮ್ಮ ಮೂರು ದಿನ ಸರಿಯಾಗಿ ಉಣ್ಣದೆ ಕುಳಿತ ಮೇಲೆ ಒಪ್ಪಿದರು, ಒಂದು ಷರತ್ತಿನ ಮೇಲೆ.

“ರಂಜಾನ್ ತಿಂಗಳು ಬರಲಿ, ನೋಡುವ” ಎಂದಿದ್ದರು. “ಅಲ್ಲಿ ಕೂತು ನೋಂಬು ಸರಿಯಾಗಿ ಹಿಡಿದರೆ ಓದಲಿ. ಆ ಜಾಗದ ದೆಸೆಯಿಂದ ಒಂದೇ ಒಂದು ನೋಂಬು ತಪ್ಪಿತು ಅಂತ ನನ್ನ ಕಿವಿಗೆ ಬಿದ್ದರೆ ಅದೇ ದಿನ ಕರೆದುಕೊಂಡು ಬರ್ತೇನೆ. ಮತ್ತೆ ಪುನಃ ಕಾಲೇಜಿನ ಸುದ್ದಿ ಇಲ್ಲ.”

ನೋಂಬು ಎಂದರೆ ನಮ್ಮ ಉಪವಾಸ. ಬೆಳಗಿನ ಜಾವ ಮಸೀದಿಯ ಬಾಂಗಿಗೆ ಮೊದಲು ತಿಂದರೆ ಮತ್ತೆ ಸಂಜೆ ಹೊತ್ತು ಮುಳುಗಿ ಬಾಂಗು ಆಗುವವರೆಗೆ ನೀರು ಕೂಡ ಮುಟ್ಟುವುದಿಲ್ಲ. ಇದನ್ನು ಹತ್ತು ವರ್ಷ ವಯಸ್ಸಿನಿಂದ ಮಾಡಿಕೊಂಡು ಬಂದವಳು ನಾನು. ಮಾಮನ ಷರತ್ತು ನನಗೆ ಕಷ್ಟ ಅನ್ನಿಸಿರಲಿಲ್ಲ.

ಆ ವರ್ಷ ಹಾಸ್ಟೆಲಿನಲ್ಲಿ ಮುಸ್ಲಿಂ ಹುಡುಗಿ ನಾನೊಬ್ಬಳೇ. ರಂಜಾನ್ ನವೆಂಬರಿನ ಕೊನೆಗೆ ಬಂತು. ಹಿಂದಿನ ದಿನ ಟೀಚರ ಮೇಜಿನ ಮೇಲೆ ಒಂದು ಚೀಟಿ ಇಟ್ಟೆ: “ನಾಳೆಯಿಂದ ಒಂದು ತಿಂಗಳು ನನಗೆ ಉಪವಾಸ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಬೇಡ.” ಎದುರು ನಿಂತು ಹೇಳಬಹುದಿತ್ತು. ಚೀಟಿ ಸುಲಭ ಅನ್ನಿಸಿತು.

ಮೊದಲ ದಿನದ ಸಂಜೆ ಐದು ಗಂಟೆಗೆ ಸ್ವಲ್ಪ ಮೊದಲು ಗಿರಿಜಕ್ಕ ಬಂದು ಕರೆದರು. “ಟೀಚರ್ ಬರಲಿಕ್ಕೆ ಹೇಳಿದ್ದಾರೆ. ಊಟಕ್ಕೆ.”

ಅಡುಗೆಮನೆಯ ಮೂಲೆಯಲ್ಲಿ ಎರಡು ಮಣೆ, ಎರಡು ತಟ್ಟೆ. ಟೀಚರ್ ಜೊತೆ ಕುಳಿತು ಯಾವ ಹುಡುಗಿಯೂ ಉಂಡದ್ದಿಲ್ಲ. ಅನ್ನ, ತೊವ್ವೆ, ಬಾಳೆಕಾಯಿ ಪಲ್ಯ, ಹೆಸರುಬೇಳೆಯ ಪಾಯಸ. ಪಾಯಸ ಟೀಚರೇ ಮಾಡಿದ್ದು ಎಂದು ಗಿರಿಜಕ್ಕನ ಮುಖದಲ್ಲಿಯೇ ಗೊತ್ತಾಗುತ್ತಿತ್ತು. ಅವರಿಗೆ ಅದು ಪಸಂದಾಗಿರಲಿಲ್ಲ.

“ಇಡೀ ದಿನ ನೀರೂ ಇಲ್ಲದೆ ಇದ್ದಿ” ಎಂದರು ಟೀಚರ್. “ಇನ್ನು ತಡ ಮಾಡಬೇಡ. ಉಣ್ಣು ಮಗಾ.”

ಕಿಟಕಿಯ ಹೊರಗೆ ಬಿಸಿಲು ಇತ್ತು. ಬಾಂಗಿಗೆ ಇನ್ನೂ ಒಂದು ಗಂಟೆ. ಅವರಿಗೆ ಗೊತ್ತಿಲ್ಲ ಎಂದು ನನಗೆ ಕೂಡಲೇ ಅರ್ಥವಾಯಿತು. ಸೂರ್ಯನಿಗೂ ಊಟಕ್ಕೂ ಸಂಬಂಧವಿರುವ ವ್ರತವೆಂದರೆ ಅವರ ಮಟ್ಟಿಗೆ ಒಂದೇ: ಮುಳುಗುವ ಮೊದಲು ಉಣ್ಣುವುದು. ಹಸಿದ ಹುಡುಗಿಗೆ ಆ ಹೊತ್ತು ತಪ್ಪಬಾರದು ಎಂದು ಅವಸರದಲ್ಲಿ ಬಡಿಸಿದ್ದರು.

“ಟೀಚರ್, ಇನ್ನೂ ಹೊತ್ತಾಗಲಿಲ್ಲ.” ಇಷ್ಟೇ ಹೇಳಬೇಕಾಗಿದ್ದದ್ದು. ಬಾಯಿ ಬರಲಿಲ್ಲ. ನಾನು ತಟ್ಟೆ ನೋಡುತ್ತ ಕುಳಿತೆ. ಟೀಚರ್ ಕೂಡ ಕೈ ಹಾಕದೆ ಕುಳಿತರು. ಆಗ ನನಗೆ ಇನ್ನೊಂದು ವಿಷಯ ಕಂಡಿತು. ನಾನು ಶುರು ಮಾಡದೆ ಅವರು ಶುರು ಮಾಡುವುದಿಲ್ಲ. ಅವರಿಗೆ ಉಳಿದದ್ದು ಹೆಚ್ಚೆಂದರೆ ಕಾಲು ಗಂಟೆ. ನಾನು ಹೀಗೆಯೇ ಕುಳಿತರೆ ಅವರು ನಾಳೆ ಬೆಳಗಿನವರೆಗೆ ಉಪವಾಸ.

ಅವರು ಕಿಟಕಿಯ ಕಡೆ ಒಮ್ಮೆ ನೋಡಿದರು. ನಾನೂ ನೋಡಿದೆ. ಮತ್ತೆ ಅನ್ನ ಕಲಸಿ ಬಾಯಿಗೆ ಇಟ್ಟೆ.

ಆ ತುತ್ತಿಗೆ ನಾನು ಯಾರಲ್ಲಿ ಕ್ಷಮೆ ಕೇಳಬೇಕಿತ್ತೋ ಅಲ್ಲಿ ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆರು ಗಂಟೆಗೆ ನಾವೆಲ್ಲ ಜಗಲಿಯಲ್ಲಿ ಓದಲಿಕ್ಕೆ ಕುಳಿತಿದ್ದೆವು. ಪೇಟೆಯ ಕಡೆಯಿಂದ ಬಾಂಗು ಕೇಳಿತು. ಲವೀನಾ ಪುಸ್ತಕ ಮಡಚಿ, ಬ್ಯಾಗಿನಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಮುಂದೆ ಇಟ್ಟಳು. ಊರಿನಲ್ಲಿ ಅವಳ ಪಕ್ಕದ ಮನೆಯವರು ನಮ್ಮವರು. ರಂಜಾನ್ ತಿಂಗಳ ತಿಂಡಿ ತಿಂದೇ ಬೆಳೆದವಳು ಅವಳು.

“ತಿನ್ನು, ಬಾಂಗು ಆಯಿತು.”

“ನಂದು ಆಯಿತು.”

“ಆಯಿತಾ? ಯಾವಾಗ?”

“ಆಗಲೇ. ಟೀಚರ್ ಜೊತೆ.”

“ಟೀಚರ್ ಉಣ್ಣುವುದು ಐದು ಗಂಟೆಗೆ ಅಲ್ಲವಾ?” ಅವಳ ಸ್ವರ ಏರಿತು. “ಬಾಂಗಿಗೆ ಮೊದಲೇ ತಿಂದೆಯಾ? ನಿನಗೇನು ಮಂಡೆ ಸಮ ಉಂಟಾ ಮಾರಾಯ್ತಿ? ಇಡೀ ದಿನ ಉಪವಾಸ ಕೂತದ್ದು ಯಾಕೆ ಹಾಗಾದರೆ?”

ಜಪ ಮುಗಿಸಿ ಬಂದ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನನ್ನನ್ನು ಒಳಗೆ ಕರೆದರು.

“ಅವಳು ಹೇಳಿದ್ದು ನಿಜವಾ?”

“ಹೂಂ.”

“ನಿನಗೆ ಗೊತ್ತಿದ್ದೂ ತಿಂದಿ.”

“ಹೂಂ.”

“ಯಾಕೆ?”

“ನಿಮಗೆ ಹೊತ್ತು ಮೀರುತ್ತಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇಪ್ಪತ್ತು ವರ್ಷದಿಂದ ಈ ಬಾಂಗು ಕೇಳುತ್ತಾ ಇದ್ದೇನೆ” ಎಂದರು. “ಬಾಂಗು ಆದ ಮೇಲೆ ನೀವು ಮನೆಯಲ್ಲಿ ಏನು ಮಾಡ್ತೀರಿ ಅಂತ ಒಂದು ದಿನ ಯಾರಲ್ಲಿಯೂ ಕೇಳಲಿಲ್ಲ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ದೊಡ್ಡವಳು ನಾನು. ತಪ್ಪು ನನ್ನದು.”

ನಾನು ಆಗ ಮಾಮನ ಷರತ್ತನ್ನು ಹೇಳಿದೆ. ಒಂದು ತಪ್ಪಿದರೂ ಕರೆದುಕೊಂಡು ಹೋಗುತ್ತಾರೆ ಎಂದೆ. ಅದರ ಜೊತೆಗೇ ನನ್ನ ಉಪಾಯವನ್ನೂ ಹೇಳಿದೆ. ಹೆಂಗಸರಿಗೆ ತಿಂಗಳಲ್ಲಿ ಕೆಲವು ದಿನ ನೋಂಬು ಇಲ್ಲ. ಅವನ್ನು ಹಬ್ಬ ಕಳೆದ ಮೇಲೆ ಬದಲಿಗೆ ಹಿಡಿದು ತೀರಿಸುತ್ತೇವೆ. ಆ ದಿನಗಳ ಜೊತೆ ಇದೂ ಒಂದು ಸೇರಿದರೆ ಯಾರಿಗೂ ತಿಳಿಯುವುದಿಲ್ಲ. ಯಾವ ಗಂಡಸೂ ಎಣಿಸಲಿಕ್ಕೆ ಬರುವುದಿಲ್ಲ.

“ಸರಿ” ಎಂದರು. ಒಪ್ಪಿದರು ಎಂದು ತಿಳಿದುಕೊಂಡೆ.

ಮರುದಿನ ಶಾಲೆ ಬಿಟ್ಟ ಮೇಲೆ ಟೀಚರ್ ಕೊಡೆ ಹಿಡಿದು ಪೇಟೆಗೆ ಹೋದರು. ಮಸೀದಿಯ ಹತ್ತಿರದ ಬಾಳೆಕಾಯಿ ಅಂಗಡಿಯ ಬ್ಯಾರಿಯಲ್ಲಿ, ಅಂದರೆ ನಮ್ಮವರೊಬ್ಬರಲ್ಲಿ, ಕೇಳಿ, ಆ ತಿಂಗಳ ನೋಂಬಿನ ಸಮಯ ಅಚ್ಚು ಮಾಡಿದ ಕಾರ್ಡು ತಂದರು. ಅಡುಗೆಮನೆಯ ಗೋಡೆಯಲ್ಲಿ ತಮ್ಮ ಪಂಚಾಂಗದ ಪಕ್ಕ ಅದನ್ನು ಅಂಟಿಸಿದರು. ಎರಡನ್ನೂ ಹೋಲಿಸಿ, “ಸೂರ್ಯಾಸ್ತಕ್ಕೆ ಎರಡೇ ನಿಮಿಷ ವ್ಯತ್ಯಾಸ” ಎಂದರು, ಗಣಿತದ ಟೀಚರಿನ ಸಂತೋಷದಲ್ಲಿ.

ಅಂದಿನಿಂದ ಸಂಜೆಯ ಕ್ರಮ ಹೀಗೆ. ಐದಕ್ಕೆ ಟೀಚರ್ ಉಣ್ಣುವಾಗ ನಾನು ಪಕ್ಕದ ಮಣೆಯಲ್ಲಿ ಖಾಲಿ ಕುಳಿತಿರಬೇಕು. ಬಾಂಗು ಆಗಿ ನಾನು ತಿನ್ನುವಾಗ ಅವರು ಕೈ ಮಡಚಿಕೊಂಡು ಪಕ್ಕದಲ್ಲಿ ಕುಳಿತಿರುತ್ತಾರೆ. ಜಪ ಅದರ ನಂತರಕ್ಕೆ ಹೋಯಿತು. ಯಾಕೆ ಹಾಗೆ ಎಂದು ಅವರು ಹೇಳಲಿಲ್ಲ. ಎರಡನೆಯ ದಿನ ಗಿರಿಜಕ್ಕ, “ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡ್ತಾ ಕೂರುವುದು ಎಂಥ ಚಂದ! ದೃಷ್ಟಿ ತಾಗುತ್ತದೆ” ಎಂದರು. “ತಾಗಲಿ” ಎಂದರು ಟೀಚರ್. ಬೆಳಗಿನ ಜಾವಕ್ಕೆ ಅವಲಕ್ಕಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಹಾಲು ನನ್ನ ಕೋಣೆಗೆ ಬರತೊಡಗಿತು.

ಹಾಸ್ಟೆಲಿನ ಆಡಳಿತ ನೋಡುತ್ತಿದ್ದ ಹಿರಿಯರೊಬ್ಬರಿಗೆ ಇದು ತಿಳಿಯಿತು. ಬಂದು ಆಫೀಸಿನಲ್ಲಿ ಕುಳಿತು, “ಒಬ್ಬಳಿಗೆ ಪ್ರತ್ಯೇಕ ಹೊತ್ತು, ಪ್ರತ್ಯೇಕ ವ್ಯವಸ್ಥೆ ಅಂತ ಶುರು ಮಾಡಿದರೆ ನಾಳೆ ಎಲ್ಲರೂ ಕೇಳ್ತಾರೆ ಟೀಚರ್” ಎಂದರು. ನಾನು ಹೊರಗೆ ಬೆಂಚಿನಲ್ಲಿದ್ದೆ.

“ನಾನು ವಾರ್ಡನ್ ಆದ ಈ ಹನ್ನೊಂದು ವರ್ಷದಿಂದ ನನಗೆ ಪ್ರತ್ಯೇಕ ನಡೆಯುತ್ತಾ ಉಂಟು” ಎಂಬ ಉತ್ತರ ಕೇಳಿತು. “ಅದಕ್ಕೆ ಯಾರೂ ಏನೂ ಹೇಳಲಿಲ್ಲ. ನಿಲ್ಲಿಸುವುದಾದರೆ ಎರಡೂ ನಿಲ್ಲಿಸುವ.”

ಆ ಹಿರಿಯರು ಚಹಾ ಕುಡಿದು ಹೋದರು.

ರಂಜಾನಿನ ಮೂರನೆಯ ವಾರ, ಒಂದು ಭಾನುವಾರ ಮಧ್ಯಾಹ್ನ, ಮಾಮ ಬಂದರು. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು, ಅವರಿಗೂ ನೋಂಬು. ಮುಖ ಬಾಡಿತ್ತು.

“ಎಲ್ಲ ಸರಿ ಆಗ್ತಾ ಉಂಟಾ?”

“ಹೂಂ” ಎಂದೆ.

ಮಾಮ ವ್ಯಾಪಾರಿ. ನನ್ನ ಹೂಂಕಾರವನ್ನು ನಂಬುವವರಲ್ಲ. ಟೀಚರ ಕಡೆ ತಿರುಗಿದರು. ಅವರಿಬ್ಬರ ಮಾತು ತುಳುವಿನಲ್ಲಿ ನಡೆಯಿತು.

“ಇವಳ ನೋಂಬು ಏನೂ ತೊಂದರೆ ಇಲ್ಲದೆ ನಡೆಯುತ್ತದಾ ಟೀಚರ್?”

ನಾನು ಟೀಚರ ಮುಖ ನೋಡಿದೆ. ಒಂದು ‘ಹೌದು’ ಸಾಕಿತ್ತು.

“ಒಂದು ತಪ್ಪಿತು” ಎಂದರು. “ಮೊದಲನೆಯ ದಿನದ್ದು. ನಾನು ಹೊತ್ತಿಗೆ ಮೊದಲೇ ಕರೆದು ಬಡಿಸಿದೆ. ನನ್ನ ಮರ್ಯಾದೆಗೆ ಅವಳು ತಿಂದಳು. ಆಮೇಲಿನದ್ದೆಲ್ಲ ಸರಿ ಉಂಟು.”

ಮಾಮ ಕುರ್ಚಿಯಿಂದ ಎದ್ದರು. ನನ್ನ ಕಡೆ ನೋಡಲೂ ಇಲ್ಲ. “ಬ್ಯಾಗ್ ಕಟ್ಟು” ಎಂದರು.

ನನಗೆ ಅಳು ಬರಲಿಲ್ಲ. ಟೀಚರ ಮೇಲೆ ಕೋಪ ಬಂತು. ಅಂಥ ಕೋಪ ನನಗೆ ಮುಂಚೆಯೂ ಬಂದಿರಲಿಲ್ಲ, ಆಮೇಲೆಯೂ ಬಂದಿಲ್ಲ. ಅವರ ಸತ್ಯ ಅವರಿಗೆ ಪುಣ್ಯ, ಅದರ ಬೆಲೆ ನನ್ನ ಓದು. ಇಷ್ಟು ಸ್ಪಷ್ಟವಾಗಿ ಆ ಕ್ಷಣ ಯೋಚಿಸಿದ್ದೆ.

ಟೀಚರ್ ಬೇಡಿಕೊಳ್ಳಲಿಲ್ಲ. “ನಿಮ್ಮಲ್ಲಿ ಇದಕ್ಕೆ ಏನು ಪರಿಹಾರ?” ಎಂದು ಕೇಳಿದರು.

“ಹಬ್ಬ ಕಳೆದ ಮೇಲೆ ಒಂದು ದಿನ ಬದಲಿಗೆ ಹಿಡಿಯಬೇಕು.”

“ಯಾರು?”

“ಯಾರು ಅಂದರೆ? ಇವಳು.”

“ತಪ್ಪು ಮಾಡಿದವಳು ನಾನು. ಅವಳ ಜೊತೆ ನಾನೂ ಹಿಡಿಯುತ್ತೇನೆ.”

ಮಾಮನಿಗೆ ನಗು ಬಂತು, ಒಳ್ಳೆಯ ನಗುವಲ್ಲ. “ನೀವು ಹಿಡಿದರೆ ಅದು ನೋಂಬು ಆಗುವುದಿಲ್ಲ ಟೀಚರ್.”

“ಗೊತ್ತುಂಟು. ನಿಮ್ಮ ದೇವರಿಗೆ ನಾನು ಹಿಡಿಯುವುದಲ್ಲ. ಅವಳು ನೀರು ಕುಡಿಯದ ದಿನ ನಾನೂ ಕುಡಿಯುವುದಿಲ್ಲ, ಅಷ್ಟೆ. ಆ ದಿನ ಸಂಜೆ ನೀವು ಬನ್ನಿ. ಕಣ್ಣಾರೆ ನೋಡಿ. ಇಲ್ಲಿ ಇವಳ ಧರ್ಮ ಕೆಡುತ್ತದೆ ಅಂತ ಅನ್ನಿಸಿದರೆ ಆಗ ಕರೆದುಕೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ಇವಳಿಗೆ ಕ್ಲಾಸು ಉಂಟು.”

ಮಾಮ ಅಂಗಳಕ್ಕೆ ಇಳಿದು, ಪುನಃ ಹತ್ತಿ ಬಂದರು. ಗಿರಾಕಿ ಅರ್ಧ ದಾರಿ ಹೋಗಿ ಹಿಂದೆ ಬಂದ ಹಾಗೆ. “ಆಯಿತು” ಎಂದರು. “ಆ ದಿನದವರೆಗೆ.”

ಅಂದು ಸಂಜೆ ನಾನು ಟೀಚರ ಪಕ್ಕ ಕುಳಿತರೂ ಮಾತಾಡಲಿಲ್ಲ. ಅವರಾಗಿಯೇ ಹೇಳಿದರು: “ಸುಳ್ಳು ಹೇಳಿ ನಿನ್ನನ್ನು ಇಲ್ಲಿ ಉಳಿಸಿಕೊಂಡರೆ, ಎರಡು ವರ್ಷವೂ ನೀನು ಅವರು ಬಂದಾಗಲೆಲ್ಲ ಹೆದರಬೇಕು. ಹಾಗೆ ಓದಲಿಕ್ಕೆ ಆಗುವುದಿಲ್ಲ.” ಅದು ಸರಿ ಎಂದು ನನಗೆ ಆಗ ಅನ್ನಿಸಲಿಲ್ಲ. ಕೋಪ ಹಬ್ಬ ಕಳೆದರೂ ಇತ್ತು.

ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ಬದಲಿ ದಿನ ಗೊತ್ತು ಮಾಡಲಿಕ್ಕೆ ಕುಳಿತಾಗ ನಾನು ಪಂಚಾಂಗ ನೋಡಿ, ಬರುವ ಅಷ್ಟಮಿಯ ದಿನ ಹಿಡಿಯುವ ಎಂದೆ. ಅಷ್ಟಮಿಗೆ ಟೀಚರಿಗೆ ಹೇಗೂ ಉಪವಾಸ ಇರುತ್ತಿತ್ತು. ಅವರಿಗೆ ಎರಡೆರಡು ಸಲ ಕಷ್ಟ ಬೇಡ ಎಂದು ನನ್ನ ಲೆಕ್ಕ. ಕೋಪದ ನಡುವೆಯೂ ಅಷ್ಟು ಕನಿಕರ ಇತ್ತು.

“ಅಷ್ಟಮಿ ಬೇಡ” ಎಂದರು. “ಅಂದಿನದ್ದು ನನ್ನದೇ ಉಪವಾಸ. ಅದನ್ನೇ ನಿನ್ನದಕ್ಕೂ ತೋರಿಸಿದರೆ ಮೋಸ. ಬುಧವಾರ ಹಿಡಿಯುವ. ನಿನ್ನ ಮಾಮನ ಅಂಗಡಿಗೆ ಫೋನ್ ಮಾಡಿ ಹೇಳು.”

ಬುಧವಾರ ಬೆಳಗಿನ ಜಾವ ನನ್ನ ಕೋಣೆಗೆ ಅವಲಕ್ಕಿ, ಹಾಲು ಎಂದಿನಂತೆ ಬಂತು. ಟೀಚರ್ ತಿನ್ನಲಿಲ್ಲ, ಕತ್ತಲಲ್ಲಿ ತಿನ್ನುವ ಕ್ರಮ ಅವರಿಗಿಲ್ಲ. ಅಂದರೆ ಅವರ ಉಪವಾಸ ಹಿಂದಿನ ದಿನ ಸಂಜೆ ಐದಕ್ಕೇ ಶುರುವಾಗಿತ್ತು. ಇದು ನನಗೆ ಹೊಳೆದದ್ದು ಮಧ್ಯಾಹ್ನ, ಫಿಸಿಕ್ಸ್ ಕ್ಲಾಸಿನಲ್ಲಿ. ಅಲ್ಲಿಂದ ಮುಂದಿನದ್ದೂ ಹೊಳೆಯಿತು. ಸಂಜೆ ಬಾಂಗು ಆದ ಮೇಲೆ ನಾನು ತಿನ್ನುತ್ತೇನೆ. ಆಗ ಹೊತ್ತು ಮುಳುಗಿರುತ್ತದೆ; ಅವರು ತಿನ್ನುವ ಹಾಗಿಲ್ಲ. ಅವರದ್ದು ಮುಗಿಯುವುದು ಗುರುವಾರ ಬೆಳಿಗ್ಗೆ. ನನ್ನ ಒಂದು ಹಗಲಿಗೆ ಅವರದ್ದು ಎರಡು ರಾತ್ರಿ, ಒಂದು ಹಗಲು. ಅಂದು ಫಿಸಿಕ್ಸಿನಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ.

ನಾನು ಕಾಲೇಜಿನಿಂದ ಬರುವಾಗ ಟೀಚರ್ ಹೈಸ್ಕೂಲಿನ ಏಳನೆಯ ಪೀರಿಯಡ್ ಮುಗಿಸಿ ಬರುತ್ತಿದ್ದರು. ನಡಿಗೆ ಎಂದಿನಷ್ಟೇ ಬಿರುಸು. “ಟೀಚರ್, ನೀರಾದರೂ ಕುಡಿಯಿರಿ” ಎಂದೆ. ದಾರಿಯಲ್ಲಿ ಅವರನ್ನು ತಡೆದು ನಾನಾಗಿ ಆಡಿದ ಮೊದಲ ಮಾತು ಅದು ಇರಬೇಕು.

“ನೀನು ಕುಡಿದಿಯಾ?”

“ಇಲ್ಲ.”

“ಮತ್ತೆ?”

ಐದೂವರೆಗೆ ಮಾಮ ಬಂದರು. ಕೈಯಲ್ಲಿ ಖರ್ಜೂರದ ಪೊಟ್ಟಣ. ಅಡುಗೆಮನೆಗೆ ಗಂಡಸರು ಬರುವಂತಿಲ್ಲವಾದ್ದರಿಂದ ಗಿರಿಜಕ್ಕ ಜಗಲಿಯಲ್ಲಿ ಚಾಪೆ ಹಾಸಿದರು. ನಾವು ಮೂವರೂ ಕುಳಿತೆವು. ಲವೀನಾ ದೂರದಲ್ಲಿ ಪುಸ್ತಕ ತಲೆಕೆಳಗೆ ಹಿಡಿದು ಓದುತ್ತಿದ್ದಳು. ಬಾಂಗು ಆಯಿತು. ನಾನು ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದೆ. ಮಾಮ ಪೊಟ್ಟಣವನ್ನು ಟೀಚರ ಮುಂದೆ ಹಿಡಿದರು.

“ನೀವೂ ಉಪವಾಸ ಬಿಡಿ ಟೀಚರ್. ಆಯಿತಲ್ಲ.”

“ನನ್ನದು ನಾಳೆ ಬೆಳಿಗ್ಗೆ.”

“ನಾಳೆಯಾ? ಯಾಕೆ?”

“ಹೊತ್ತು ಮುಳುಗಿತಲ್ಲ.”

ಮಾಮನಿಗೆ ಅರ್ಥವಾಗಲಿಕ್ಕೆ ಸ್ವಲ್ಪ ಸಮಯ ಬೇಕಾಯಿತು. “ನೀರು?”

“ನೀರೂ ನಾಳೆಯೇ.”

ಮಾಮ ಪೊಟ್ಟಣವನ್ನು ಚಾಪೆಯ ಮೇಲೆ ಇಟ್ಟರು. “ನಿನ್ನೆ ಯಾವಾಗ ಉಂಡದ್ದು ನೀವು?”

“ಐದು ಗಂಟೆಗೆ.”

ಮಾಮ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ನನ್ನನ್ನು ಕರೆದುಕೊಂಡು ಹೋಗುತ್ತೇನೆ, ಬಿಡುತ್ತೇನೆ, ಯಾವುದನ್ನೂ ಹೇಳದೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಗುರುವಾರ ಬೆಳಿಗ್ಗೆ ಏಳೂವರೆಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಗೇಟಿನ ಸದ್ದಾಯಿತು. ಮಾಮ. ಬಿ.ಸಿ.ರೋಡಿನಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ಎರಡೂ ಕೈಯಲ್ಲಿ ಬೊಂಡ, ಎಳನೀರಿನ ಕಾಯಿಗಳು. ಕರೆದುಕೊಂಡು ಹೋಗಲಿಕ್ಕೇ ಬಂದರು ಎಂದುಕೊಂಡೆ. ಅವರು ನನ್ನನ್ನು ದಾಟಿ ಹೋಗಿ ಜಗಲಿಯ ಮೆಟ್ಟಲಿನ ಕೆಳಗೆ ನಿಂತರು. ಟೀಚರ್ ಇನ್ನೂ ಉಪವಾಸ ಬಿಟ್ಟಿರಲಿಲ್ಲ. ಸೂರ್ಯ ಹುಟ್ಟಿ ಎರಡು ಗಳಿಗೆ ತುಂಬುವುದನ್ನು ಕಾಯುತ್ತ ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದರು.

“ಟೀಚರ್, ನೀವು ಏನು ತಿನ್ನಬಹುದು, ಏನು ತಿನ್ನಬಾರದು ನನಗೆ ಗೊತ್ತಿಲ್ಲ” ಎಂದರು ಮಾಮ. “ನಾನು ತಂದ ಬೊಂಡ ನಿಮಗೆ ಆಗ್ತದಾ? ಆಗದಿದ್ದರೆ ಬೇಸರ ಇಲ್ಲ. ತೆಗೆದುಕೊಂಡು ಹೋಗ್ತೇನೆ.”

“ಬೊಂಡ ಆಗ್ತದೆ” ಎಂದರು ಟೀಚರ್. “ಹತ್ತು ನಿಮಿಷ ಉಂಟು. ಕೂತುಕೊಳ್ಳಿ.”

ಮಾಮ ಮೆಟ್ಟಲಿನಲ್ಲಿ ಕುಳಿತರು. ಗಿರಿಜಕ್ಕ ಕತ್ತಿ ತಂದರು. ಹತ್ತು ನಿಮಿಷ ಆದ ಮೇಲೆ ಮಾಮನೇ ಬೊಂಡ ಕೆತ್ತಿ ಕೊಟ್ಟರು. ಟೀಚರ್ ಲೋಟಕ್ಕೆ ಬಗ್ಗಿಸಿ, ಅಭ್ಯಾಸದಂತೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕುಡಿದರು. ನಾನು ಬಾವಿಕಟ್ಟೆಯ ಹತ್ತಿರವೇ ನಿಂತಿದ್ದೆ. ಮಾಮ ಹೊರಡುವಾಗ ನನಗೆ ಹೇಳಿದ್ದು, “ಕಾಲೇಜಿಗೆ ತಡ ಆಗುವುದಿಲ್ಲವಾ ನಿನಗೆ?”

ಎರಡು ವರ್ಷ ಅಲ್ಲಿ ಓದಿದೆ. ಆಮೇಲೆ ಡಿಗ್ರಿ, ಎಂಎಸ್ಸಿ. ಈಗ ಬಂಟ್ವಾಳದ ಕಡೆ ಒಂದು ಕಾಲೇಜಿನಲ್ಲಿ 
ರಸಾಯನಶಾಸ್ತ್ರ ಕಲಿಸುತ್ತೇನೆ. ಮನುಷ್ಯರೆಲ್ಲ ಒಂದೇ ಎಂದು ಭಾಷಣ ಮಾಡುವವರನ್ನು ಕಂಡರೆ ಟೀಚರಿಗೆ ಆಗುತ್ತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಬಂದ ಅತಿಥಿಯೊಬ್ಬರು ಹಾಗೆ ಹೇಳಿ ಹೋದ ಮೇಲೆ, “ನಾನೂ ಹಾಗೆ ಎಣಿಸಿಯೇ ನಿನಗೆ ಐದು ಗಂಟೆಗೆ ಬಡಿಸಿದ್ದು” ಎಂದು ನನ್ನ ಕಿವಿಯಲ್ಲಿ ಹೇಳಿದ್ದರು.

ನಾನು ಎರಡನೆಯ ಪಿಯುಸಿಗೆ ಬಂದ ಜೂನಿನಲ್ಲಿ ಹಾಸ್ಟೆಲಿಗೆ ಹೊಸ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದರು. ಟೀಚರ ಪಕ್ಕ ಕುಳಿತು ಅರ್ಜಿ ಜೋಡಿಸುವ ಕೆಲಸ ನನ್ನದು. ಹೆತ್ತವರ ಸಾಲಿನಲ್ಲಿ ಮಾಮ ಕಂಡರು. ಜೊತೆಗೆ ಅವರ ಮಗಳು. ಅವರ ಸರದಿ ಬಂದಾಗ ಅರ್ಜಿಯ ಜೊತೆ ಇನ್ನೊಂದು ಹಾಳೆ ಕೊಟ್ಟರು. ನಡುವೆ ಉದ್ದಕ್ಕೆ ಗೆರೆ ಎಳೆದಿತ್ತು. ಎಡಗಡೆ ಅವರ ಗುಂಡಗಿನ ಅಕ್ಷರದಲ್ಲಿ ಸಾಲು ಸಾಲು: ಯಾವ ತಿಂಗಳು ನೋಂಬು, ಎಷ್ಟು ಹೊತ್ತಿಗೆ ಬಿಡುವುದು, ಐದು ಹೊತ್ತಿನ ನಮಾಜಿಗೆ ಎಷ್ಟು ಜಾಗ ಬೇಕು, ಯಾವ ಹಬ್ಬಕ್ಕೆ ಎಷ್ಟು ದಿನ ರಜೆ. ಬಲಗಡೆ ಖಾಲಿ.

ಟೀಚರ್ ಕನ್ನಡಕ ಹಾಕಿಕೊಂಡು ಓದಿದರು. “ಒಂಬತ್ತನೆಯದ್ದು. ‘ಮೀನು ಇಲ್ಲದಿದ್ದರೆ ಮುಖ ಊದಿಸುತ್ತಾಳೆ.’ ಇದು ಧರ್ಮವಾ, ಹಟವಾ?”

“ಹಟ ಟೀಚರ್” ಎಂದರು ಮಾಮ.

“ಹಾಗಾದರೆ ಹೊಡೆದುಹಾಕ್ತೇನೆ.” ಹೊಡೆದುಹಾಕಿದರು. “ಈ ಕಡೆ ಖಾಲಿ ಯಾಕೆ?”

“ಅದು ನಿಮ್ಮದು. ನಿಮ್ಮಲ್ಲಿ ಏನೇನು ಉಂಟು ಬರೆಯಿರಿ. ಇವಳು ಬಾಯಿಪಾಠ ಮಾಡಿಯೇ ಒಳಗೆ ಕಾಲಿಡಲಿ.”

ಟೀಚರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಬರೆಯಲಿಕ್ಕೆ ಶುರು ಮಾಡಿದರು. ಒಂದು, ಎರಡು, ಮೂರು. ನಿಲ್ಲಿಸಿ ಯೋಚಿಸಿ ಮತ್ತೆ ಬರೆದರು. ಸಾಲಿನ ಹಿಂದಿದ್ದವರು ಗೊಣಗತೊಡಗಿದರು. ಒಬ್ಬರು, “ನಮಗೆ ಧರ್ಮಸ್ಥಳದ ಬಸ್ಸು ಹೋಗ್ತದೆ ಟೀಚರ್” ಎಂದೇಬಿಟ್ಟರು.

“ಇನ್ನೊಂದು ಬಸ್ಸು ಉಂಟು” ಎಂದರು ಟೀಚರ್, ತಲೆ ಎತ್ತದೆ. “ನಿಮಗೂ ಒಂದೊಂದು ಹಾಳೆ ಕೊಡ್ತೇನೆ. ಅಲ್ಲಿಯವರೆಗೆ ಏನು ಬರೆಯುವುದು ಅಂತ ಯೋಚನೆ ಮಾಡಿ.”